ಆ ಮೊಳೆ ಕೀಳಬೇಡಿ

ಲಿಪ್ಕೊವ್, 3 ಮಾರ್ಚ್ 1991

ಪ್ರಿಯ ವಾಲ್ಬುರ್ಗಾ ಅವರಿಗೆ,

ಹೋದ ವರ್ಷ 'ಈ ಮನೆಯಲ್ಲಿ ಈಗ ಇರುವವರಿಗೆ' ಎಂದು ವಿಳಾಸ ಬರೆದು ನೀವು ಕಳಿಸಿದ ಮೊದಲ ಪತ್ರವನ್ನು ನಾನು ಎಷ್ಟೋ ದಿನ ಒಡೆಯದೆ ಇಟ್ಟಿದ್ದೆ. ಇದನ್ನು ನಿಮಗೆ ಈವರೆಗೆ ಹೇಳಿರಲಿಲ್ಲ. ಜರ್ಮನಿಯ ಅಂಚೆಚೀಟಿ ನೋಡಿದ ಕೂಡಲೇ, ಮನೆ ವಾಪಸು ಕೇಳುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ಒಡೆದು ನೋಡಿದರೆ ನೀವು ಕೇಳಿದ್ದು ಹಿತ್ತಲಿನ ಚೆರ್ರಿ ಮರ ಇನ್ನೂ ಇದೆಯೇ ಎಂದು. ಅಂದಿನಿಂದ ನೀವು ಜರ್ಮನ್‌ನಲ್ಲಿ, ನಾನು ಚೆಕ್‌ನಲ್ಲಿ ಹೀಗೆ ಬರೆದುಕೊಳ್ಳುತ್ತಿದ್ದೇವೆ. ಅಡುಗೆಮನೆಯ ಬಾಗಿಲಿನ ಚೌಕಟ್ಟಿನಲ್ಲಿ ನಿಮ್ಮ ಎತ್ತರ ಅಳೆದು ಗೀಚಿದ ಗೆರೆಗಳು ಇವತ್ತಿಗೂ ಹಾಗೇ ಇವೆ. ನನ್ನ ತಾಯಿ ಬಣ್ಣ ಹೊಡೆಸುವಾಗಲೆಲ್ಲ ಅಷ್ಟು ಜಾಗ ಬಿಡಿಸುತ್ತಿದ್ದಳು. ಯಾಕೆಂದು ಹೇಳುತ್ತಿರಲಿಲ್ಲ.

ಈಗ ಬೆಟ್ಟದ ಸುದ್ದಿ. ಸೈನ್ಯದವರು ಕೊನೆಗೂ ಚರ್ಚು ಖಾಲಿ ಮಾಡಿದರು. ನಲವತ್ತು ವರ್ಷ ಮೇರಿಮಾತೆಯ ಪೀಠದ ಮುಂದೆ ಬೂಟು, ಕಂಬಳಿ ಪೇರಿಸಿಟ್ಟವರು ಹೋಗುವಾಗ ಒಂದು ಸಲ ಪೊರಕೆಯನ್ನೂ ಆಡಿಸಲಿಲ್ಲ. ಗೋಪುರಗಳ ತಾಮ್ರ ಯಾರ ಮನೆಯ ಹಂಡೆಯಾಯಿತೋ ಗೊತ್ತಿಲ್ಲ. ಯೇಸುವಿನ ಕಡೆಯ ದಿನದ ಕಥೆ ಹೇಳುವ ಸುತ್ತಿನ ಕಿರುಗುಡಿಗಳ ಪಾಡು ಇನ್ನೂ ಕೆಟ್ಟದ್ದು. ಪಿಲಾತನ ಗುಡಿಯಲ್ಲಿ ಆಡು ಕಟ್ಟಿದ್ದರು. ನನಗೆ ಬರುವ ಸಿಟ್ಟು ಸೈನಿಕರ ಮೇಲಲ್ಲ. ಇದನ್ನೆಲ್ಲ ನೋಡುತ್ತ ಭಾನುವಾರ ಆಚೆ ದಾರಿಯಲ್ಲಿ ಅಣಬೆ ಆರಿಸಲು ಹೋಗುತ್ತಿದ್ದ ನಮ್ಮ ಮೇಲೆ. ನಾನೂ ಬುಟ್ಟಿ ಹಿಡಿದುಕೊಂಡು ಹೋದವಳೇ. ಈಗ ಜೀರ್ಣೋದ್ಧಾರ ಸಮಿತಿಗೆ ನಾನು ಕಾರ್ಯದರ್ಶಿ. ಇಷ್ಟು ವರ್ಷ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟ ತಪ್ಪಿಗೆ.

ಸೆಪ್ಟೆಂಬರಿನ ಶಿಲುಬೆ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆ. ಅಷ್ಟರೊಳಗೆ ಒಲಿವ್ ತೋಪಿನ ಗುಡಿಯನ್ನಾದರೂ ಮುಗಿಸಬೇಕು. ಅದೊಂದೇ ಪೂರ್ತಿ ಹಾಳಾಗದೆ ಉಳಿದಿರುವುದು. ಮಂಡಿಯೂರಿದ ಯೇಸು ಇದ್ದಾನೆ, ನಿದ್ದೆ ಹೋದ ಶಿಷ್ಯರು ಮೂವರೂ ಇದ್ದಾರೆ. ಬಟ್ಟಲು ಹಿಡಿದು ಮೇಲಿಂದ ಇಳಿಯುವ ದೇವದೂತ ಮಾತ್ರ ಇಲ್ಲ. ಗೋಡೆಯಲ್ಲಿ ಒಂದು ಕಬ್ಬಿಣದ ಮೊಳೆ ಉಳಿದಿದೆ. ಯೇಸು ಆ ಮೊಳೆಯನ್ನು ನೋಡುತ್ತ ಪ್ರಾರ್ಥಿಸುತ್ತಿದ್ದಾನೆ.

ಆ ಗುಡಿಯ ಕೀಲಿ ತಲೆತಲಾಂತರದಿಂದ ಕುಬಾಲರ ಮನೆಯಲ್ಲಿದೆ. ಸಿರಿಲ್ ಕುಬಾಲ, ಮಾಂಸದಂಗಡಿಯವನು, ಈಗ ಎಪ್ಪತ್ತರ ಮುದುಕ. ಯುದ್ಧಕ್ಕೆ ಮುಂಚಿನಿಂದ ಇಲ್ಲೇ ಇರುವ ಮನೆತನ ಅಂತ ಉಳಿದದ್ದು ಅವನದೊಂದೇ. ಉಳಿದ ನಾವೆಲ್ಲ, ಯುದ್ಧ ಮುಗಿದು ಸರ್ಕಾರ ನಿಮ್ಮ ಜರ್ಮನ್ ಜನರನ್ನು ಗಡಿಯಾಚೆ ಅಟ್ಟತೊಡಗಿದಾಗ ಬಂದವರು. ಬಾಗಿಲು ತೆಗೆದು ನಿಂತಿದ್ದ ಅವನನ್ನು ಕೇಳಿದೆ.

"ಕುಬಾಲ ಅವ್ರೇ, ಇಲ್ಲಿದ್ದ ದೇವದೂತ ಎಲ್ಲಿ?"

"ಹೋಗಿದೆ."

"ಎಲ್ಲಿಗೆ?"

"ರೆಕ್ಕೆ ಇತ್ತಲ್ಲ ಟೀಚರಮ್ಮ. ನನ್ನ ಕೇಳ್ಕೊಂಡು ಹೋಗತ್ತಾ?"

ಅಷ್ಟು ಹೇಳಿ ಕಿಸೆಯಿಂದ ಚಿಂದಿ ತೆಗೆದು ಆ ಮೊಳೆಗೆ ಎಣ್ಣೆ ಒರೆಸತೊಡಗಿದ. ನಿಮಗೆ ಆ ದೇವದೂತ ನೆನಪಿದೆಯೇ? ಫೋಟೊ ಎಲ್ಲೂ ಸಿಕ್ಕಿಲ್ಲ. ಹೇಗಿತ್ತು ಎಂದು ಬರೆದರೆ ಹುಡುಕಲು ಅನುಕೂಲ.

ನಿಮ್ಮ
ಬೊಹುಮಿಲಾ ವ್ರಾನೋವಾ


ಮೆಮಿಂಗೆನ್, 24 ಮಾರ್ಚ್ 1991

ಪ್ರಿಯ ಬೊಹುಮಿಲಾ,

ಒಂದು ವರ್ಷದಿಂದ ಒಂದೇ ಅಡುಗೆಮನೆಯ ಮಾತಾಡುತ್ತಿದ್ದೇವೆ. ಇನ್ನೂ ಈ 'ನೀವು' ಯಾಕೆ? ನಾನು 'ನೀನು' ಎಂದೇ ಬರೆಯುತ್ತೇನೆ, ಒಪ್ಪಿಗೆಯಾದರೆ ನೀನೂ ಹಾಗೇ ಬರೆ.

ದೇವದೂತ ನೆನಪಿದೆ. ನಡೆಯಲು ಕಲಿತ ಮಗುವಿನಷ್ಟು ಎತ್ತರ. ಎಡ ರೆಕ್ಕೆಯ ಒಳಮಗ್ಗುಲಲ್ಲಿ ಚಿನ್ನದ ಬಣ್ಣ ಹೋಗಿ ಕೆಂಪು ಮಣ್ಣು ಕಾಣುತ್ತದೆ. ಒಂದು ಹಿಮ್ಮಡಿ ಜನ ಮುಟ್ಟಿ ಮುಟ್ಟಿ ಬರೀ ಮರವಾಗಿದೆ, ಬೆಣ್ಣೆ ಹಚ್ಚಿದ ಹಾಗೆ ನುಣುಪು. ಬಟ್ಟಲಿನ ಅಂಚಿನಲ್ಲಿ ಒಂದು ಸಣ್ಣ ಸೀಳು.

ಆದರೆ ಹುಡುಕಿ ಏನು ಪ್ರಯೋಜನ? ಆ ವರ್ಷಗಳಲ್ಲಿ ಎಷ್ಟೋ ಹೋದವು. ಹೊಸದೊಂದನ್ನು ಕೆತ್ತಿಸಿಬಿಡಿ. ಸಿರಿಲ್ ಕುಬಾಲ ಇನ್ನೂ ಬದುಕಿದ್ದಾನೆಂದು ತಿಳಿದು ಏನೋ ಒಂಥರಾ ಆಯಿತು. ಜರ್ಮನರೆಂಬ ಗುರುತಿಗೆ ನಾವು ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಓಡಾಡಬೇಕಾಗಿದ್ದ ದಿನಗಳಲ್ಲಿ, ಅಂಗಡಿಯಲ್ಲಿ ನಮಗೆ ಮಾಂಸ ಕೊಡುವ ಹಾಗಿಲ್ಲದಾಗ, ಹಿತ್ತಲ ಬೇಲಿಯ ಮೇಲಿಂದ ಸೂಪಿಗೆ ಮೂಳೆ ಎಸೆದು ಹೋಗುತ್ತಿದ್ದ. "ನಾಯಿಗೆ" ಎಂದು ಜೋರಾಗಿ ಕೂಗುತ್ತಿದ್ದ. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಅವನನ್ನು ಅವನ ಪಾಡಿಗೆ ಬಿಡು.

ಅಮ್ಮ ಹಾಸಿಗೆ ಹಿಡಿದಿದ್ದಾಳೆ. ನನ್ನನ್ನು ಕೆಲವು ದಿನ ಗುರುತಿಸುತ್ತಾಳೆ, ಕೆಲವು ದಿನ ಇಲ್ಲ.

ನಿನ್ನ
ವಾಲ್ಬುರ್ಗಾ


ಲಿಪ್ಕೊವ್, 20 ಏಪ್ರಿಲ್ 1991

ಪ್ರಿಯ ವಾಲ್ಬುರ್ಗಾ,

ನೀನು ಎಂದು ಬರೆಯಲು ಕೈ ಒಂದು ಕ್ಷಣ ತಡೆಯಿತು, ಆಮೇಲೆ ಸರಿಹೋಯಿತು.

ನಿನ್ನ ವರ್ಣನೆಯನ್ನು ಸಮಿತಿಯಲ್ಲಿ ಓದಿದೆ. ಒಂಬತ್ತನೇ ವಯಸ್ಸಿನಲ್ಲಿ ನೋಡಿದ್ದು ಇಷ್ಟು ಸ್ಪಷ್ಟವಾಗಿ ನೆನಪಿರುವುದೆಂದರೆ, ಕಳೆದುಕೊಂಡವರಿಗೆ ಮಾತ್ರ ಹಾಗೆ ನೆನಪಿರುತ್ತದೆ ಎಂದು ಪಾದ್ರಿಗಳು ಹೇಳಿದರು. ಎಲ್ಲ ಕಳೆದುಕೊಂಡ ನೀನೇ 'ಹುಡುಕಿ ಏನು ಪ್ರಯೋಜನ' ಅನ್ನುತ್ತೀಯ. ನಿನ್ನ ಈ ದೊಡ್ಡತನ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ನಾನು ಉಣ್ಣುವುದು ನಿನ್ನ ತಾಯಿಯ ಮೇಜಿನ ಮೇಲೆ. ಹದಿನಾರರ ಹುಡುಗಿಯಾಗಿ ಈ ಮನೆಗೆ ಕಾಲಿಟ್ಟಾಗ ಕಪಾಟಿನ ತುಂಬ ನಿಮ್ಮ ಪಿಂಗಾಣಿ ಇತ್ತು. ನಮ್ಮಪ್ಪ "ಸರ್ಕಾರ ಕೊಟ್ಟಿದ್ದು, ನಾಚ್ಕೆ ಏನು?" ಅಂದ. ಆ ಮಾತನ್ನು ಈ ಮನೆಯಲ್ಲಿ ಎರಡನೇ ಸಲ ಯಾರೂ ಆಡಲಿಲ್ಲ, ಪಿಂಗಾಣಿಯಲ್ಲಿ ಉಣ್ಣುವುದನ್ನು ಮಾತ್ರ ಬಿಡಲಿಲ್ಲ. ಮನೆ ವಾಪಸು ಕೊಡುವಷ್ಟು ಒಳ್ಳೆಯವಳು ನಾನಲ್ಲ. ದೇವದೂತನನ್ನಾದರೂ ಪತ್ತೆ ಮಾಡಿಕೊಡುತ್ತೇನೆ.

ಪತ್ತೆಯ ದಾರಿಯೂ ಕಾಣುತ್ತಿದೆ, ಆದರೆ ನಿನಗೆ ರುಚಿಸಲಿಕ್ಕಿಲ್ಲ. ಐವತ್ತರ ದಶಕದಲ್ಲಿ ಬೆಟ್ಟದ ಮೂರ್ತಿಗಳನ್ನು ಲಾರಿಗೆ ಹೇರಿದಾಗ ಊರ ಸಮಿತಿಯಲ್ಲಿ ನಿನ್ನ ಕುಬಾಲನೂ ಇದ್ದ. ಪಕ್ಕದ ಬೀದಿಯ ರೂಜೆನಾ ಮುದುಕಿ ಹೇಳುತ್ತಾಳೆ: "ದೇವದೂತ ಎಲ್ಲಿ ಅಂತ ಕೇಳಿದ್ರೆ, ಹುಳ ಹಿಡಿದಿತ್ತು, ಒಲೆಗೆ ಹಾಕ್ದೆ ಅಂದ. ನಾನೇ ಕಿವಿಯಾರೆ ಕೇಳಿದೀನಿ. ಅದೇ ವರ್ಷ ಹೊಸ ಮೋಟಾರ್ ಸೈಕಲ್ ಬಂತು ಅವ್ನಿಗೆ." ಆ ಕಾಲದಲ್ಲಿ ಇಂಥ ಮೂರ್ತಿಗಳನ್ನು ಗಡಿ ದಾಟಿಸುವವರಿದ್ದರು ಎಂದು ಎಲ್ಲರಿಗೂ ಗೊತ್ತು.

ಅಂಗಡಿಗೇ ಹೋದೆ. ಈಗ ಮಗ ನೋಡಿಕೊಳ್ಳುತ್ತಾನೆ, ಆದರೂ ಮುದುಕ ಗಲ್ಲೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ.

"ದೇವದೂತನ್ನ ಸುಟ್ಟೆ ಅಂದಿದ್ರಂತೆ?"

"ಅಂದಿದ್ದೆ."

"ನಿಜಾನಾ?"

"ಕಮಿಟಿ ಕೇಳ್ತು, ಕಮಿಟಿಗೆ ಹೇಳಬೇಕಾದ್ದು ಹೇಳ್ದೆ. ಈಗ ನೀವೂ ಕಮಿಟೀನೇ ಅಲ್ವಾ?"

"ಸುಟ್ಟಿಲ್ಲ ಅಂದ್ರೆ ಮಾರಿದ್ರಾ?"

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು. ಅವನು ಚಾಕು ಒರೆಸುತ್ತ, "ಟೀಚರಮ್ಮಂಗೆ ಒಂದು ಒಳ್ಳೆ ನಾಲಿಗೆ ಕಟ್ಟಿಕೊಡೋ," ಎಂದು ಮಗನಿಗೆ ಹೇಳಿದ. "ಇವರದ್ದು ಸವೆದುಹೋಗಿರ್ಬೇಕು."

ಜನ ನಕ್ಕರು. ಆ ನಗು ನನಗೆ ಇನ್ನೂ ಚುಚ್ಚುತ್ತಿದೆ. ಇಡೀ ಊರು ನಲವತ್ತು ವರ್ಷ ಇಂಥ ಜೋಕುಗಳ ಹಿಂದೆಯೇ ಅವಿತುಕೊಂಡಿತ್ತು. ಮುಂದಿನ ತಿಂಗಳ ಊರ ಪತ್ರಿಕೆಗೆ ಬರೆಯಬೇಕೆಂದಿದ್ದೇನೆ.

ನಿನ್ನ
ಬೊಹುಮಿಲಾ


ಮೆಮಿಂಗೆನ್, 12 ಮೇ 1991

ಬೊಹುಮಿಲಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಪತ್ರಿಕೆಗೆ ಬರೆಯಬೇಡ. ನಿನ್ನ ಪತ್ರ ಬಂದು ಎರಡು ವಾರವಾಯಿತು, ಉತ್ತರಕ್ಕೆ ಕೂತಾಗಲೆಲ್ಲ ಅಮ್ಮನ ಕಡೆಯಿಂದ ಏನಾದರೊಂದು. ನಾನು ಸರಿಯಾಗಿ ಬರೆಯುವವರೆಗೆ ತಡೆ. ಕುಬಾಲ ಮಾರಿರಲಾರ. ಅಷ್ಟು ನನಗೆ ಗೊತ್ತು.

ವಾ.


ಲಿಪ್ಕೊವ್, 2 ಜೂನ್ 1991

ಪ್ರಿಯ ವಾಲ್ಬುರ್ಗಾ,

ನಿನ್ನ ಚೀಟಿ ಬರುವ ಹೊತ್ತಿಗೆ ಪತ್ರಿಕೆ ಮನೆಮನೆಗೆ ಹೋಗಿಯಾಗಿತ್ತು. ಒಂದು ಪ್ರತಿ ಇದರ ಜೊತೆಗಿದೆ. 'ಖಾಲಿ ಮೊಳೆ ಕೇಳುವ ಪ್ರಶ್ನೆ' ಎಂದು ತಲೆಬರಹ. ಕುಬಾಲನ ಹೆಸರು ಹಾಕಿಲ್ಲ. 'ಕೀಲಿ ಯಾರ ಕೈಯಲ್ಲಿತ್ತೋ ಉತ್ತರವೂ ಅವರ ಕೈಯಲ್ಲೇ ಇದೆ' ಎಂದು ಬರೆದೆ. ಈಗ ಯೋಚಿಸಿದರೆ ಹೆಸರು ಹಾಕಿದ್ದರೆ ಹೆಚ್ಚು ಮರ್ಯಾದೆಯಿತ್ತು.

ಊರಿನಲ್ಲಿ ನಾನು ನೆನೆಸಿದ್ದಕ್ಕಿಂತ ಹೆಚ್ಚು ಗದ್ದಲವಾಯಿತು. ಯಾರೋ ಅವನ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ರೆಕ್ಕೆ ಬರೆದು ಹೋಗಿದ್ದರು. ಹೋಟೆಲಿನಲ್ಲಿ ಅವನು ಕೂರುತ್ತಿದ್ದ ಬೆಂಚಿಗೆ ಬೇರೆಯವರು ಬಂದು ಕೂತರಂತೆ, ಅವನು ನಿಂತೇ ಬಿಯರು ಮುಗಿಸಿ ಹೋದವನು ಮತ್ತೆ ಬಂದಿಲ್ಲ. ಸಮಿತಿ ಸಭೆ ಸೇರಿ ಕೀಲಿ ವಾಪಸು ಕೇಳುವುದೆಂದು ತೀರ್ಮಾನಿಸಿತು. ಹಬ್ಬದ ದಿನ ಬೆಳಿಗ್ಗೆ ಆ ಗುಡಿಯ ಬಾಗಿಲು ತೆರೆಯುವುದು ಯಾವಾಗಲೂ ಕುಬಾಲರ ಮನೆಯವರೇ. ಈ ಸಲ ಬಿಷಪ್ಪರ ಮುಂದೆ ಅವನು ತೆರೆಯುವ ಹಾಗಿಲ್ಲ.

ಅವನು ಭಾನುವಾರದ ಕೋಟು ಹಾಕಿಕೊಂಡು ಸಭೆಗೆ ಬಂದ. ಕೀಲಿಯನ್ನು ಮೇಜಿನ ಮೇಲೆ ಇಟ್ಟ. ಪಾದ್ರಿಗಳು ಮೆಲ್ಲಗೆ, "ಸಿರಿಲ್, ಒಂದು ಮಾತು ಹೇಳಿಬಿಡು, ಮುಗಿದುಹೋಗಲಿ," ಅಂದರು.

"ಹೇಳೋಕೆ ಬರಲ್ಲ ಫಾದರ್."

"ಯಾಕೆ?"

"ನಿಮಗೆ ಯಾಕೆ ಅಂತ ಗೊತ್ತಿಲ್ಲದೆ ಇರೋದ್ರಿಂದ." ಬಾಗಿಲ ಬಳಿ ಹೋದವನು ನನ್ನ ಕಡೆ ತಿರುಗಿದ. "ಬೀಗ ಬೇಕಾದ್ರೆ ಬದಲಾಯಿಸ್ಕೊಳ್ಳಿ ಟೀಚರಮ್ಮ. ಆ ಮೊಳೆ ಮಾತ್ರ ಕೀಳಬೇಡಿ."

ಬೀಗ ಬದಲಾಯಿಸಿದೆವು. ನನ್ನ ಗೆಲುವಿನ ದಿನವಾಗಬೇಕಿತ್ತು ಅದು.

ನೀನು 'ಅಷ್ಟು ನನಗೆ ಗೊತ್ತು' ಎಂದು ಬರೆದಿದ್ದೀಯ. ಏನು ಗೊತ್ತು?

ಬೊಹುಮಿಲಾ


ಮೆಮಿಂಗೆನ್, 30 ಜೂನ್ 1991

ಪ್ರಿಯ ಬೊಹುಮಿಲಾ,

ನನಗೆ ಗೊತ್ತಿರುವುದು ಇಷ್ಟು. 1945ರ ಬೇಸಿಗೆಯಲ್ಲಿ ಸೈನಿಕರು ಬೆಟ್ಟದ ಮೇಲೆ ತಂಗಿದ್ದಾಗ ದೇವದೂತನನ್ನು ಕಿತ್ತು ಗಾಡಿಗೆ ಹಾಕಿಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಚೆರ್ರಿ ಮರ ಹತ್ತಿದ್ದೆ, ಅಲ್ಲಿಂದ ದಾರಿ ಕಾಣುತ್ತಿತ್ತು. ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ. ಇದನ್ನು ಪತ್ರಿಕೆಯಲ್ಲಿ ಹಾಕು. ನನ್ನ ಹೆಸರು ಹಾಕಿದರೂ ಚಿಂತೆಯಿಲ್ಲ. ಕುಬಾಲನಿಗೆ ಕೀಲಿ ವಾಪಸು ಕೊಡಿ.

ನಿನ್ನ
ವಾಲ್ಬುರ್ಗಾ


ಲಿಪ್ಕೊವ್, 21 ಜುಲೈ 1991

ವಾಲ್ಬುರ್ಗಾ,

ನಿನ್ನ ಪತ್ರ ಹಿಡಿದುಕೊಂಡು ನಾನು ಓಡಿದೆನೆಂದೇ ಹೇಳಬೇಕು. ತಪ್ಪು ತಿದ್ದಿಕೊಳ್ಳಲು ದಾರಿ ಸಿಕ್ಕಿತೆಂಬ ಸಂತೋಷ ನನಗೆ. ಮುದುಕ ಅಂಗಳದಲ್ಲಿ ಮೊಲಗಳಿಗೆ ಹುಲ್ಲು ಹಾಕುತ್ತಿದ್ದ. ನಿನ್ನ ಹೆಸರು ಹೇಳಲಿಲ್ಲ. ಜರ್ಮನಿಯಿಂದ ಒಬ್ಬರು ಬರೆದಿದ್ದಾರೆ, ನಲವತ್ತೈದರಲ್ಲಿ ಸೈನಿಕರು ಒಯ್ದದ್ದನ್ನು ನೋಡಿದ್ದಾರಂತೆ, ನಿಮ್ಮ ಮೇಲಿನ ಮಾತು ಹೋಯಿತು ಎಂದೆ.

"ಅಲ್ಲಿಂದ ಇಷ್ಟು ದೂರ ಕಾಣತ್ತಾ? ಒಳ್ಳೇ ಕಣ್ಣು."

"ತಮಾಷೆ ಬೇಡ ಕುಬಾಲ ಅವ್ರೇ. ಇದನ್ನ ಪತ್ರಿಕೇಲಿ ಹಾಕ್ತೀನಿ."

"ಹಾಕಬೇಡಿ. ಸುಳ್ಳದು. ನಲವತ್ತಾರರ ಈಸ್ಟರ್‌ಗೆ ಇತ್ತು ಅಲ್ಲೇ. ನಿಮ್ಮ ರೂಜೆನಾನೂ ನೋಡಿದಾಳೆ, ಕೇಳ್ಕೊಳ್ಳಿ."

"ಸುಳ್ಳಾದ್ರೂ ನಿಮ್ಮನ್ನ ಉಳಿಸತ್ತಲ್ಲ."

"ಯಾರೂ ಕದ್ದಿಲ್ಲ ಟೀಚರಮ್ಮ. ಸೈನಿಕರೂ ಕದ್ದಿಲ್ಲ. ಹೋಗಿದೆ, ಬರತ್ತೆ."

ರೂಜೆನಾಳನ್ನು ಕೇಳಿದೆ. ಮೊದಲು ತಲೆ ಕೆರೆದುಕೊಂಡಳು, ಆಮೇಲೆ ಹೌದು ಅಂದಳು. ಅವಳು ಆ ಈಸ್ಟರ್‌ಗೆ ಮುಂಚೆಯೇ ಇಲ್ಲಿಗೆ ಬಂದವಳು. ತನ್ನ ಮಗಳಿಗೆ ದೇವದೂತನ ಹಿಮ್ಮಡಿ ಮುಟ್ಟಿಸಿದ್ದಳಂತೆ.

ಹಾಗಾದರೆ ನೀನು ನನಗೆ ಸುಳ್ಳು ಬರೆದೆ. ಹಳೆಯ ಮೂಳೆಗಳ ಋಣಕ್ಕೆ ಅವನನ್ನು ಕಾಪಾಡುತ್ತಿದ್ದೀಯ ಎಂದು ಮೊದಲು ಅನ್ನಿಸಿತು. ಆದರೆ ಕಾಪಾಡಿಸಿಕೊಳ್ಳಲು ಅವನು ತಯಾರಿಲ್ಲ. ಕಳ್ಳ ಹಾಗೆ ಮಾಡುವುದಿಲ್ಲ. ನನಗೆ ತಿಳಿಯದ್ದು ನಿಮ್ಮಿಬ್ಬರಿಗೂ ಏನೋ ತಿಳಿದಿದೆ. ನಾನು ಊರ ಮುಂದೆ ಒಬ್ಬ ಮನುಷ್ಯನ ಮಾನ ಕಳೆದಿದ್ದೇನೆ. ಹಬ್ಬಕ್ಕೆ ಎರಡು ತಿಂಗಳೂ ಇಲ್ಲ. ನಿಜ ಬರೆ.

ಬೊಹುಮಿಲಾ


ಮೆಮಿಂಗೆನ್, 4 ಆಗಸ್ಟ್ 1991

ಬೊಹುಮಿಲಾ,

ದೇವದೂತ ನನ್ನ ಮನೆಯಲ್ಲಿದೆ. ಬರೆಯುತ್ತ ಕತ್ತೆತ್ತಿದರೆ ಕಾಣುತ್ತದೆ. ಅಮ್ಮನ ಮಂಚದ ತಲೆಕಡೆ, ಔಷಧಿ ಬಾಟಲಿಗಳ ನಡುವೆ ನಿಂತಿದೆ. ಅದರ ಬಟ್ಟಲಿನಲ್ಲಿ ಅಮ್ಮ ಕನ್ನಡಕ ಇಡುತ್ತಾಳೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕಾಯಿಲೆ ಬಿದ್ದವರು ಬೆಟ್ಟ ಹತ್ತಲಾಗದಿದ್ದರೆ, ಕೀಲಿಯ ಮನೆಯವರು ದೇವದೂತನನ್ನು ಮೊಳೆಯಿಂದ ಬಿಡಿಸಿ ಕಂಬಳಿಯಲ್ಲಿ ಸುತ್ತಿ ಆ ಮನೆಗೆ ತಂದುಕೊಡುತ್ತಿದ್ದರು. ರೋಗಿ ಎದ್ದ ಮೇಲೆ ಆ ಮನೆಯವರೇ ಹೊತ್ತುಕೊಂಡು ಹೋಗಿ ಮೊಳೆಗೆ ಸಿಕ್ಕಿಸಬೇಕು. ಯಾರ ಮನೆಯಲ್ಲಿದೆ ಎಂದು ಕೀಲಿಯವನು ಯಾರಿಗೂ ಹೇಳಬಾರದು, ವಾಪಸು ಕೇಳಲೂಬಾರದು. ಹೆಸರು ಹೊರಬಿದ್ದರೆ ಕಾಯಿಲೆ ಆ ಮನೆ ಬಿಟ್ಟು ಹೋಗುವುದೇ ಇಲ್ಲ ಅನ್ನುತ್ತಿದ್ದರು. ಖಾಲಿ ಮೊಳೆ ಕಂಡರೆ ಜನ ಶಿಲುಬೆಯ ಗುರುತು ಹಾಕಿಕೊಂಡು, ಯಾರೋ ಪಾಪ, ಎಂದು ಮುಂದೆ ಹೋಗುತ್ತಿದ್ದರು. ಇದನ್ನು ನಿನಗೆ ಹೇಳಬಲ್ಲವರು ಊರಿನಲ್ಲಿ ಯಾರೂ ಉಳಿದಿಲ್ಲ. ಅವರನ್ನೆಲ್ಲ ರೈಲು ಹತ್ತಿಸಿದರು.

ನಲವತ್ತಾರರ ಮೇ ತಿಂಗಳಲ್ಲಿ ನನಗೆ ಗಂಟಲಮಾರಿ ಬಂತು. ಜರ್ಮನ್ ಮಕ್ಕಳಿಗೆ ವೈದ್ಯರು ಬರುತ್ತಿರಲಿಲ್ಲ. ಸಿರಿಲ್ ಒಂದು ಸಂಜೆ ಮಾಂಸದ ಗೋಣಿಯಲ್ಲಿ ದೇವದೂತನನ್ನು ತಂದ. ನಮ್ಮಂಥವರಿಗೆ ಕೊಟ್ಟದ್ದು ಗೊತ್ತಾಗಿದ್ದರೆ ಅವನನ್ನು ಜೈಲಿಗೆ ಹಾಕುತ್ತಿದ್ದರು. ನನ್ನ ಜ್ವರ ಇಳಿಯುವ ಮೊದಲೇ ರೈಲಿಗೆ ಕರೆ ಬಂತು. ಒಯ್ಯುವ ತೂಕಕ್ಕೆ ಮಿತಿಯಿತ್ತು. ಅಮ್ಮ ಹೊಲಿಗೆ ಯಂತ್ರ ಬಿಟ್ಟಳು, ದೇವದೂತನನ್ನು ಹಾಸಿಗೆಯಲ್ಲಿ ಸುತ್ತಿಕೊಂಡಳು. ಮಗಳು ಏಳಲಿ, ಕೊಟ್ಟುಬಿಡೋಣ ಅಂದಳು.

ನಾನು ಎದ್ದೆ. ಆಗ ಅಪ್ಪನ ಶ್ವಾಸಕೋಶ ಕೆಟ್ಟಿತು. ಆಮೇಲೆ ಚಿಕ್ಕಮ್ಮನ ಕಾಲು. ಆಮೇಲೆ ಅಮ್ಮನ ಮಂಡಿ. ಮನೆಯಲ್ಲಿ ಕಾಯಿಲೆ ಇರುವವರೆಗೆ ಕೊಡುವ ಹಾಗಿಲ್ಲ ಎಂದು ಅಮ್ಮ ಆ ಪದ್ಧತಿಯನ್ನೇ ಹಿಡಿದುಕೊಂಡಳು, ಮತ್ತು ನಮ್ಮ ಮನೆಯಲ್ಲಿ ಯಾವಾಗಲೂ ಯಾರಿಗಾದರೂ ಏನಾದರೂ ಇರುತ್ತಿತ್ತು. ಗಡಿ ಮುಚ್ಚಿದ್ದು ನಮಗೆ ಅನುಕೂಲವೇ ಆಯಿತು.

ನನ್ನ ಪಾಲಿನದನ್ನೂ ಹೇಳುತ್ತೇನೆ. ಪ್ರತಿ ವರ್ಷ ಊರು ಬಿಟ್ಟು ಬಂದ ನಮ್ಮವರ ಸಭೆಯಲ್ಲಿ ನಾನು ಭಾಷಣ ಮಾಡುತ್ತೇನೆ. ನಮ್ಮಿಂದ ಕಿತ್ತುಕೊಂಡದ್ದನ್ನೆಲ್ಲ ಹೇಳುತ್ತೇನೆ. ಒಂದು ಸಲ, 'ನಮ್ಮ ಬೆಟ್ಟದ ದೇವದೂತನನ್ನೂ ಬಿಡಲಿಲ್ಲ' ಎಂದೆ. ಮುದುಕಿಯರು ಕಣ್ಣೊರೆಸಿಕೊಂಡರು. ಮನೆಗೆ ಬಂದು ಅದರ ರೆಕ್ಕೆಯ ಧೂಳು ಒರೆಸಿದೆ. ನಿನ್ನ ಮಾರ್ಚ್ ಪತ್ರಕ್ಕೆ ಒಂದು ಸಾಲು ಉತ್ತರ ಸಾಕಾಗಿತ್ತು. ಅದನ್ನು ಬರೆದಿದ್ದರೆ ಆ ಸಭೆಗೆ ಮತ್ತೆ ಹೋಗುವ ಮುಖ ಇರುತ್ತಿರಲಿಲ್ಲ. ಅದಕ್ಕೇ ರೆಕ್ಕೆ, ಹಿಮ್ಮಡಿ ಎಂದು ವರ್ಣಿಸಿದೆ.

ವಾಲ್ಬುರ್ಗಾ


ಲಿಪ್ಕೊವ್, 25 ಆಗಸ್ಟ್ 1991

ವಾಲ್ಬುರ್ಗಾ ಅವರಿಗೆ,

ನಿಮ್ಮ ಪತ್ರಕ್ಕೆ ಮೊದಲು ಬರೆದ ಉತ್ತರವನ್ನು ಹರಿದುಹಾಕಿದೆ. ಅದರಲ್ಲಿ, ನಾನು ಒಬ್ಬನನ್ನು ಕಳ್ಳನನ್ನಾಗಿ ಮಾಡುತ್ತಿದ್ದಾಗ ನೀವು ಕಳವಿನ ಮಾಲಿನ ಪಕ್ಕದಲ್ಲಿ ಕೂತು ನೋಡುತ್ತಿದ್ದಿರಿ ಎಂದು ಬರೆದಿತ್ತು. ಹರಿದದ್ದು ಅದು ಸುಳ್ಳೆಂದಲ್ಲ. ಅದನ್ನು ನಾನು ನಿಮ್ಮ ತಾಯಿಯ ಮೇಜಿನ ಮೇಲೆ ಬರೆಯುತ್ತಿದ್ದೆ.

ಲೇಖನ ಯಾಕೆ ಬರೆದೆ ಎಂದು ನನ್ನನ್ನೇ ಕೇಳಿಕೊಂಡೆ. ಸತ್ಯಕ್ಕಾಗಿ ಎಂದು ಸಮಿತಿಯಲ್ಲಿ ಹೇಳಿದ್ದೆ. ಮನೆಗೆ ಬದಲಾಗಿ ನಿಮಗೆ ಏನಾದರೊಂದು ಕೊಟ್ಟುಬಿಟ್ಟರೆ ನೆಮ್ಮದಿಯಾಗಿ ಇಲ್ಲಿ ಸಾಯಬಹುದು ಎಂಬುದೇ ನಿಜವಾದ ಕಾರಣ. ಆ ಕೊಡುಗೆಯ ಬೆಲೆ ತೆತ್ತವನು ಕುಬಾಲ.

ಅವನ ಮನೆಗೆ ಹೋಗಿ, ಎಲ್ಲ ಗೊತ್ತಾಯಿತು ಎಂದೆ. ನಾನು ಮುಂದಿನ ಮಾತಾಡುವ ಮೊದಲೇ ಕೈ ಅಡ್ಡ ಹಿಡಿದ. "ಏನು ಗೊತ್ತಾಯ್ತೋ ಅದನ್ನ ಒಳಗೇ ಇಟ್ಕೊಳ್ಳಿ. ಯಾರ ಮನೆ ಅಂತ ನಾನು ಕೇಳಿಲ್ಲ, ನೀವು ಹೇಳಿಲ್ಲ."

ಪತ್ರಿಕೆಯ ಸಂಪಾದಕರ ಬಳಿ ಹೋದೆ. ತಪ್ಪೊಪ್ಪಿಗೆ ಹಾಕಬೇಕು ಎಂದೆ. "ಹಾಕೋಣ ಮೇಡಂ. ಹಾಗಾದ್ರೆ ದೇವದೂತ ಎಲ್ಲಿದೆ?" ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದೆ. "ಕಾರಣ ಇಲ್ದೆ ತಪ್ಪಾಯ್ತು ಅಂದ್ರೆ ಜನ ನಿಮ್ಮನ್ನೇ ನೋಡಿ ನಗ್ತಾರೆ." ನಾನು ತಪ್ಪೊಪ್ಪಿಗೆ ಬರೆದಿದ್ದ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ. ಪದ್ಧತಿ ಮುರಿಯಬಾರದು ಎಂದು ದಾರಿಯುದ್ದ ನನಗೆ ನಾನೇ ಹೇಳಿಕೊಂಡೆ. ನಿಮ್ಮ ತಾಯಿ ನಲವತ್ತೈದು ವರ್ಷದಲ್ಲಿ ಕಲಿತದ್ದನ್ನು ನಾನು ಒಂದು ಬೀದಿ ದಾಟುವಷ್ಟರಲ್ಲಿ ಕಲಿತೆ.

ಹಬ್ಬ ಸೆಪ್ಟೆಂಬರ್ ಹದಿನೈದರ ಭಾನುವಾರ. ಅಷ್ಟರೊಳಗೆ ಅದನ್ನು ತನ್ನಿ.

ಬೊಹುಮಿಲಾ ವ್ರಾನೋವಾ


ಮೆಮಿಂಗೆನ್, 8 ಸೆಪ್ಟೆಂಬರ್ 1991

ಬೊಹುಮಿಲಾ ಅವರಿಗೆ,

ನಮ್ಮ ಚರ್ಚಿನ ಗಾಯಕರ ಬಸ್ಸು ನಿಮ್ಮ ಹಬ್ಬಕ್ಕೆ ಹೊರಟಿದೆ. ಅದರಲ್ಲಿ ಕಳಿಸುತ್ತಿದ್ದೇನೆ, ಈ ಪತ್ರವೂ ಅದರ ಜೊತೆಗೇ. ಒಳಗೇನಿದೆ ಎಂದು ಬಸ್ಸಿನವರಿಗೆ ಗೊತ್ತಿಲ್ಲ.

ಅಮ್ಮನಿಗೆ ಕಿವಿಯ ಬಳಿ ಬಗ್ಗಿ ಹೇಳಿದೆ. "ಅಮ್ಮಾ, ಮಗು ಎದ್ದಿತು. ಕೊಟ್ಟುಬರೋಣ." ಅವಳು ನನ್ನ ಮುಖ ನೋಡಿದಳು. ಆಮೇಲೆ, "ಎದ್ದಿತಾ? ನಂಗೆ ಯಾರೂ ಹೇಳ್ಲೇ ಇಲ್ಲ," ಅಂದಳು. ಕನ್ನಡಕವನ್ನು ತಾನೇ ಬಟ್ಟಲಿನಿಂದ ತೆಗೆದುಕೊಂಡಳು. ಅಷ್ಟೇ. ಕೂಗಾಡುತ್ತಾಳೆ, ಜೀವ ಬಿಡುತ್ತಾಳೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದೆಲ್ಲ ಸುಳ್ಳಾಯಿತು.

ನಾನು ಬರುತ್ತಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದು ಬರೆಯಬಹುದು. ತಂಗಿಯ ಮಗಳು ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ಬಸ್ಸಿನಲ್ಲಿ ಜಾಗವೂ ಇದೆ.

ವಾಲ್ಬುರ್ಗಾ ಸೈಲರ್


ಲಿಪ್ಕೊವ್, 16 ಸೆಪ್ಟೆಂಬರ್ 1991

ವಾಲ್ಬುರ್ಗಾ,

ನಿನಗೆ ಮತ್ತೆ 'ನೀನು' ಎಂದು ಬರೆಯುತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಅದು ನನ್ನ ಕೈಯಲ್ಲಿಲ್ಲ. ನಾವಿಬ್ಬರೂ ಒಂದೇ ಕಡೆ ನಿಂತಿದ್ದೇವೆ, ಅದಕ್ಕೆ.

ಗಂಟು ಶನಿವಾರ ಮಧ್ಯಾಹ್ನ ಬಂತು. ಹಾಸಿಗೆಯ ಬಟ್ಟೆ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ನಿಲ್ಲಿಸಿದೆ. ರೆಕ್ಕೆಯ ಒಳಗಿನ ಕೆಂಪು, ಬಟ್ಟಲಿನ ಸೀಳು, ಎಲ್ಲ ನೀನು ಬರೆದ ಹಾಗೇ ಇದೆ. ಕುಬಾಲನಿಗೆ ಹೇಳಿ ಕಳಿಸಿದೆ. ಅವನು ಈ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ನನ್ನ ಅಪ್ಪ ಸತ್ತಾಗಲೂ ಗೇಟಿನ ಹೊರಗೇ ಟೋಪಿ ತೆಗೆದು ನಿಂತಿದ್ದ. ನನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಂಡಿದ್ದೆ.

ಬಂದ. ದಾರಿ ಕೇಳದೆ ನೇರವಾಗಿ ಅಡುಗೆಮನೆಗೆ ಬಂದ. ದೇವದೂತನನ್ನು ನೋಡಿ ಬಾಗಿಲಲ್ಲೇ ನಿಂತ. ಹತ್ತಿರ ಹೋಗಿ ಹೆಬ್ಬೆರಳಿನಿಂದ ಹಿಮ್ಮಡಿ ಸವರಿದ. ನಾನು ಒಲೆಯ ಪಕ್ಕ ನಿಂತು, ಈಗ ಬೈಯುತ್ತಾನೆ, ಬೈಯಲಿ ಎಂದು ಕಾದೆ. ಅವನು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ.

"ಮಗು ಗುಣ ಆಯ್ತಾ?"

ಅವನ ಭುಜದ ಹಿಂದೆ ಚೌಕಟ್ಟಿನಲ್ಲಿ ನಿನ್ನ ಗೆರೆಗಳಿದ್ದವು. ಇಷ್ಟು ವರ್ಷ ಅವನು ಕಾಯುತ್ತಿದ್ದದ್ದು ಮರದ ಗೊಂಬೆಗಲ್ಲ ವಾಲ್ಬುರ್ಗಾ. ದೇವದೂತ ವಾಪಸು ಬರದಿದ್ದರೆ ಮಗು ಇನ್ನೂ ಎದ್ದಿಲ್ಲ, ಅಥವಾ ಸತ್ತುಹೋಗಿದೆ ಎಂದು ಅವನ ಲೆಕ್ಕ. ನಾನು ಅವನ ಬಾಯಿ ಬಿಡಿಸಲು ಹೋದಾಗಲೆಲ್ಲ ಅವನು ಒಂಬತ್ತು ವರ್ಷದ ಹುಡುಗಿಯೊಬ್ಬಳ ಗಂಟಲು ಕಾಯುತ್ತಿದ್ದ.

"ನಂಗೊತ್ತಿಲ್ಲ," ಎಂದೆ. ಸುಳ್ಳು ಹೇಳಿದೆ. ನಿನ್ನ ಪರವಾಗಿ ಆ ಉತ್ತರ ಕೊಡುವುದು ನನ್ನಿಂದಾಗಲಿಲ್ಲ.

ಅವನು ತಲೆಯಾಡಿಸಿದ. "ನೀವೇ ಎತ್ಕೊಂಡು ಹೋಗಿ ಮೊಳೆಗೆ ಸಿಕ್ಸಿ, ನಾಳೆ ಹಬ್ಬ," ಎಂದೆ. "ನಾನು ಸಿಕ್ಸೋ ಹಾಗಿಲ್ಲ. ತಗೊಂಡೋರೇ ತಂದಿಡ್ಬೇಕು," ಅಂದ. ಕೀಲಿ ಕೊಡಲು ಹೋದೆ. "ಇದು ನನ್ನ ಬೀಗದ್ದಲ್ಲ ಟೀಚರಮ್ಮ, ನಿಮ್ಮದು." ಹೋಗುವಾಗ ಬಾಗಿಲಲ್ಲಿ ನಿಂತು, ನಗುತ್ತಿದ್ದಾನೋ ಇಲ್ಲವೋ ತಿಳಿಯದ ಹಾಗೆ, "ನಾಲಿಗೆ ಚೆನ್ನಾಗಿ ಬೆಂದಿದೆ ಈಗ," ಅಂದ.

ಹಬ್ಬದ ಪೂಜೆ ಮುಗಿದ ಮೇಲೆ, ಬಿಷಪ್ಪರು ಇನ್ನೂ ಅಲ್ಲೇ ಇದ್ದಾಗ, ನಾನು ಎದ್ದು ನಿಂತು ಹೇಳಿದೆ: ಸಿರಿಲ್ ಕುಬಾಲ ಏನನ್ನೂ ಕದ್ದಿಲ್ಲ, ಮಾರಿಲ್ಲ, ಸುಟ್ಟಿಲ್ಲ. ನಾನು ಬರೆದದ್ದು ತಪ್ಪು. ಹಾಗಾದರೆ ಎಲ್ಲಿದೆ ಎಂದು ಹಿಂದಿನಿಂದ ಯಾರೋ ಕೂಗಿದರು. ಹೇಳುವ ಹಾಗಿಲ್ಲ ಎಂದೆ. ಜನ ನಕ್ಕರು. ಕುಬಾಲ ನನಗೆ ಎಷ್ಟು ಸಾಸೇಜು ಕೊಟ್ಟನೆಂದು ಹೋಟೆಲಿನಲ್ಲಿ ಈಗ ಚರ್ಚೆ ನಡೆದಿದೆಯಂತೆ. ಇವತ್ತು ಬೆಳಿಗ್ಗೆ ನನ್ನ ಬಾಗಿಲಿನ ಮೇಲೂ ಎರಡು ರೆಕ್ಕೆ ಇದ್ದವು. ಒರೆಸಿಲ್ಲ.

ಆ ಗುಡಿಗೆ ಹಳೆಯ ಬೀಗ ಹಾಕಿಸಿ, ಹಳೆಯ ಕೀಲಿಯನ್ನು ಅವನ ಗಲ್ಲೆಯ ಮೇಲೆ ಇಟ್ಟು ಬಂದೆ. ಅವನು ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಆದರೆ ಸಂಜೆ ಬೆಟ್ಟ ಹತ್ತಿ ಹೋದಾಗ ಮೊಳೆಗೆ ಆಗಷ್ಟೇ ಎಣ್ಣೆ ಒರೆಸಿತ್ತು.

ದೇವದೂತ ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ನಿಂತಿದೆ. ಅವನು ಕೇಳಿದ ಪ್ರಶ್ನೆ ಮೇಲೆ ಬರೆದಿದ್ದೇನೆ. ಅದಕ್ಕೆ ಪತ್ರದಲ್ಲಿ ಉತ್ತರ ಬೇಡ. ಅವನಿಗೆ ಎಪ್ಪತ್ತು ದಾಟಿದೆ. ರೈಲು ಮೊದಲಿನ ನಿಲ್ದಾಣಕ್ಕೇ ಬರುತ್ತದೆ, ಅಲ್ಲಿಂದ ಮನೆಯ ದಾರಿ ನಿನಗೆ ಹೇಳಿಕೊಡಬೇಕಾಗಿಲ್ಲ.

ಬೊಹುಮಿಲಾ